ಮುಳುಗುವ ಹುಡುಗಿ ಯಾರ ಚಿತ್ರ?

[ವಾಟ್ಸಾಪ್ ಗುಂಪು: ಚಿತ್ರಕಲಾ ಶಾಲೆ, 1996ರ ತಂಡ. ಮೇಷ್ಟ್ರು ಗುಂಪಿನ ವಿವರಣೆಯಲ್ಲಿ ಬರೆಸಿರುವ ನಿಯಮ: ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಹೆಬ್ಬೆರಳಿನ ಚಿಹ್ನೆ ಹಾಕಿ ತಪ್ಪಿಸಿಕೊಳ್ಳಬೇಡಿ.]

ಶಿವಾನಂದ, ಹುಬ್ಬಳ್ಳಿ
[ಫಾರ್ವರ್ಡ್ ಆದ ಚಿತ್ರ. ಎಡಕ್ಕೆ ಹಳೆಯ ಅಮೆರಿಕನ್ ಕಾಮಿಕ್ಸ್‌ನ ಒಂದು ಚೌಕಟ್ಟು, ಬಲಕ್ಕೆ ಅಮೆರಿಕದ ಚಿತ್ರಕಾರ ರಾಯ್ ಲಿಕ್ಟನ್‌ಸ್ಟೈನನ ‘ಡ್ರೌನಿಂಗ್ ಗರ್ಲ್’ (ಮುಳುಗುವ ಹುಡುಗಿ). ಅಡಿಬರಹ: ‘ಬರೆದವನಿಗೆ ಪುಡಿಗಾಸು, ಕದ್ದವನಿಗೆ 16.5 ಕೋಟಿ ಡಾಲರ್!’]

ಬೆಳಿಗ್ಗೆ ನಮ್ಮ ಡ್ರಾಯಿಂಗ್ ಶಿಕ್ಷಕರ ಗುಂಪಿಗೆ ಬಂದ ಚಿತ್ರವಿದು. ಒಂಬತ್ತನೆಯ ತರಗತಿಯ ಹುಡುಗ ಪಕ್ಕದವನ ಹಾಳೆ ನೋಡಿಕೊಂಡು ಬರೆದರೆ ನಾನು ಅಂಕ ಕಳೆಯುತ್ತೇನೆ. ಅದೇ ಕೆಲಸವನ್ನು ನ್ಯೂಯಾರ್ಕಿನಲ್ಲಿ ಮಾಡಿದರೆ ಪಾಪ್ ಕಲೆ ಎಂದು ಹೆಸರಿಟ್ಟು ವಸ್ತುಸಂಗ್ರಹಾಲಯದ ಗೋಡೆಗೆ ಏರಿಸುತ್ತಾರೆ. ಕಾಲೇಜಿನಲ್ಲಿ ಈತನ ಸ್ಲೈಡ್ ನೋಡಿ ನಾವೆಲ್ಲ ಬೆರಗಾಗಿದ್ದೆವಲ್ಲ, ಆಗ ಎಡಗಡೆಯ ಚಿತ್ರವನ್ನು ಯಾರೂ ತೋರಿಸಿರಲಿಲ್ಲ.

ಪ್ರಭಾ, ನ್ಯೂಜೆರ್ಸಿ
ಶಿವಾನಂದ ಅವರೇ, ಮೊದಲು ಬೆಲೆಯ ವಿಷಯವನ್ನು ಸರಿಮಾಡಿಕೊಳ್ಳೋಣ. 16.5 ಕೋಟಿ ಡಾಲರಿಗೆ ಮಾರಾಟವಾದದ್ದು ಈ ಚಿತ್ರವಲ್ಲ, 1962ರ ‘ಮಾಸ್ಟರ್‌ಪೀಸ್’. 2017ರಲ್ಲಿ ಅದನ್ನು ಮಾರಿದವರು ಸಂಗ್ರಾಹಕಿ ಆಗ್ನೆಸ್ ಗುಂಡ್. ಬಂದ ಹಣದಲ್ಲಿ 10 ಕೋಟಿಯನ್ನು ಅವರು ಅಮೆರಿಕದ ಜೈಲು ಮತ್ತು ನ್ಯಾಯವ್ಯವಸ್ಥೆಯ ಸುಧಾರಣೆಗಾಗಿ ನಿಧಿಯೊಂದಕ್ಕೆ ಕೊಟ್ಟರು. ಲಿಕ್ಟನ್‌ಸ್ಟೈನ್ 1997ರಲ್ಲೇ ತೀರಿಕೊಂಡಿದ್ದರಿಂದ ‘ಕದ್ದವನಿಗೆ’ ಆ ಹಣ ಸಿಕ್ಕಿತು ಎನ್ನುವುದಂತೂ ಸುಳ್ಳು. ‘ಡ್ರೌನಿಂಗ್ ಗರ್ಲ್’ ಇರುವುದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನಲ್ಲಿ. ನಾನು ಅದನ್ನು ಎರಡು ಸಲ ನೋಡಿದ್ದೇನೆ.

ಶಿವಾನಂದ, ಹುಬ್ಬಳ್ಳಿ
ಬೆಲೆ ತಪ್ಪಿದ್ದರೆ ಒಪ್ಪಿಕೊಳ್ಳುತ್ತೇನೆ. ಆದರೆ ಬೆಲೆ ತಪ್ಪಾದ ಮಾತ್ರಕ್ಕೆ ಎರಡು ಚಿತ್ರಗಳು ಬೇರೆಬೇರೆ ಆಗುವುದಿಲ್ಲ. ಅದೇ ಹುಡುಗಿ, ಅದೇ ನೀರು, ಅದೇ ಮಾತು.

ಪ್ರಭಾ, ನ್ಯೂಜೆರ್ಸಿ
ಅದೇ ಹುಡುಗಿ ಹೌದು. ಅದೇ ನೀರೂ ಅಲ್ಲ, ಅದೇ ಮಾತೂ ಅಲ್ಲ. ನೀವು ಕಳಿಸಿದ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ. ಎಡಗಡೆಯದು ಡಿಸಿ ಕಾಮಿಕ್ಸ್‌ನವರ ‘ಸೀಕ್ರೆಟ್ ಹಾರ್ಟ್ಸ್’ ಪತ್ರಿಕೆಯ 83ನೆಯ ಸಂಚಿಕೆಯದು. 1962ರಲ್ಲಿ ಬಂದ ಅದರ ಕಥೆಗೆ ಚಿತ್ರ ಬರೆದವರು ಟೋನಿ ಅಬ್ರುಝೊ. ಆ ಚೌಕಟ್ಟಿನ ಹಿನ್ನೆಲೆಯಲ್ಲಿ ಮಗುಚಿದ ದೋಣಿಯೊಂದಿದೆ, ಅದಕ್ಕೆ ಆತುಕೊಂಡ ಪ್ರಿಯಕರ ಮ್ಯಾಲ್ ಇದ್ದಾನೆ. ಕಾಲಿಗೆ ಸೆಡೆತ ಬಂದರೂ ಚಿಂತೆಯಿಲ್ಲ, ಮ್ಯಾಲ್‌ನನ್ನು ಸಹಾಯಕ್ಕೆ ಕರೆಯುವುದಕ್ಕಿಂತ ಮುಳುಗಿಹೋಗುತ್ತೇನೆ ಎಂದು ಹುಡುಗಿ ಯೋಚಿಸುತ್ತಾಳೆ. 1963ರಲ್ಲಿ ಲಿಕ್ಟನ್‌ಸ್ಟೈನ್ ದೋಣಿಯನ್ನು ತೆಗೆದರು, ಪ್ರಿಯಕರನನ್ನೂ ತೆಗೆದರು, ಸೆಡೆತವನ್ನೂ ತೆಗೆದರು, ಮಾತಿನಲ್ಲಿದ್ದ ಮ್ಯಾಲ್ ಎಂಬ ಹೆಸರನ್ನು ಬ್ರ್ಯಾಡ್ ಮಾಡಿದರು. ಸೆಡೆತವಿದ್ದಾಗ ಆಕೆಯ ಕಷ್ಟಕ್ಕೆ ಒಂದು ದೈಹಿಕ ಕಾರಣವಿತ್ತು, ದೋಣಿಯಿದ್ದಾಗ ನಡೆದದ್ದೇನೆಂದು ಗೊತ್ತಾಗುತ್ತಿತ್ತು. ಎರಡನ್ನೂ ಅಳಿಸಿದ ಮೇಲೆ ಅವಳು ಏಕೆ ಮುಳುಗುತ್ತಿದ್ದಾಳೆ ಎಂಬುದಕ್ಕೆ ಹಟವನ್ನು ಬಿಟ್ಟು ಬೇರೆ ಉತ್ತರವೇ ಉಳಿಯುವುದಿಲ್ಲ, ಮತ್ತು ಆ ಹಟ ಒಂದೇ ಸಲಕ್ಕೆ ದುಃಖವಾಗಿಯೂ ನಗೆಪಾಟಲಾಗಿಯೂ ಕಾಣುತ್ತದೆ.

ನೀರಿನ ಸಂಗತಿ ಇನ್ನೂ ಸೊಗಸಾದದ್ದು. ಅಬ್ರುಝೊ ಅವರ ನೀರು ಸಾಮಾನ್ಯ ಅಲೆಗಳ ನೀರು. ಲಿಕ್ಟನ್‌ಸ್ಟೈನ್ ಅದನ್ನು ಜಪಾನಿನ ಹಳೆಯ ಚಿತ್ರಕಾರ ಹೊಕುಸಾಯ್ ಬರೆದ ಅಲೆಗಳ ಕಡೆಗೆ ತಿರುಗಿಸಿದ್ದಾರೆ, ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ನೊರೆಯ ಸುರುಳಿ, ಹುಡುಗಿಯ ಕೂದಲಿನ ಸುರುಳಿ ಎರಡೂ ಒಂದೇ ಗೆರೆಯಲ್ಲಿ ಹೆಣೆದುಕೊಂಡು, ಎಲ್ಲಿ ಕೂದಲು ಮುಗಿದು ನೀರು ಶುರುವಾಯಿತು ಎಂದು ಒಂದು ಕ್ಷಣ ತಿಳಿಯುವುದಿಲ್ಲ. ಅಂಗೈಯಗಲದ ಚೌಕಟ್ಟು ಇಲ್ಲಿ ಸುಮಾರು 170 ಸೆಂಟಿಮೀಟರ್ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲವಾಗಿದೆ. ಎದುರಿಗೆ ನಿಂತರೆ ಆ ಮುಖ ನಮ್ಮ ಮುಖಕ್ಕಿಂತ ಎಷ್ಟೋ ದೊಡ್ಡದು. ಅಂಕ ಕಳೆಯುವ ಮೊದಲು ಇಷ್ಟನ್ನಾದರೂ ಎಣಿಸಬೇಕಲ್ಲವೇ?

ಶಿವಾನಂದ, ಹುಬ್ಬಳ್ಳಿ
ಮನೆಯೊಂದನ್ನು ಕದ್ದು ಅದರ ಕಿಟಕಿ ಬದಲಾಯಿಸಿದರೆ ಮನೆ ನನ್ನದಾಗುತ್ತದೆಯೇ?

ಮಂಜುನಾಥ, ದಾವಣಗೆರೆ
ಶಿವಾನಂದ, ನಿನ್ನ ಮನೆಯ ಉಪಮೆ ಪಕ್ಕಕ್ಕಿರಲಿ. ಇಪ್ಪತ್ತೈದು ವರ್ಷ ಆಫ್‌ಸೆಟ್ ಯಂತ್ರದ ಮುಂದೆ ನಿಂತವನಾಗಿ ಚುಕ್ಕಿಗಳ ಬಗ್ಗೆ ಎರಡು ಮಾತು ಹೇಳುತ್ತೇನೆ, ಏಕೆಂದರೆ ನೀವಿಬ್ಬರೂ ಹುಡುಗಿಯ ಬಗ್ಗೆ ಮಾತಾಡಿದಿರಿ, ಅವಳ ಚರ್ಮದ ಬಗ್ಗೆ ಯಾರೂ ಮಾತಾಡಲಿಲ್ಲ. ಅಚ್ಚಿನ ಕಾಗದದಲ್ಲಿ ತಿಳಿಗುಲಾಬಿ ಎಂಬ ಬಣ್ಣವೇ ಇರುವುದಿಲ್ಲ. ಬಿಳಿ ಕಾಗದದ ಮೇಲೆ ಕೆಂಪು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಹಾಕಿದರೆ ಕಣ್ಣು ಅದನ್ನು ಗುಲಾಬಿ ಎಂದು ಓದಿಕೊಳ್ಳುತ್ತದೆ. ಫೋಟೊ ಅಚ್ಚು ಮಾಡುವ ಹಾಫ್‌ಟೋನ್ ಪದ್ಧತಿಯಲ್ಲಿ ನೆರಳಿಗೆ ತಕ್ಕಂತೆ ಚುಕ್ಕಿಗಳು ದೊಡ್ಡವೂ ಚಿಕ್ಕವೂ ಆಗುತ್ತವೆ. ಕಾಮಿಕ್ಸ್‌ಗಳಲ್ಲಿ ಹಾಗಲ್ಲ. ಬೆಂಜಮಿನ್ ಹೆನ್ರಿ ಡೇ ಎಂಬುವರು 1879ರಲ್ಲಿ ಬಳಕೆಗೆ ತಂದ ಬೆನ್‌ಡೇ ಪದ್ಧತಿಯಲ್ಲಿ ಎಲ್ಲ ಚುಕ್ಕಿಗಳೂ ಒಂದೇ ಗಾತ್ರ, ಒಂದೇ ಅಂತರ. ಅಂದರೆ ಅಗ್ಗದ ಅಚ್ಚಿಗೆ ಕಂಡುಕೊಂಡ ಅಗ್ಗದ ಉಪಾಯ. ಓದುಗನಿಗೆ ಚುಕ್ಕಿ ಕಾಣಬಾರದು, ಬಣ್ಣ ಮಾತ್ರ ಕಾಣಬೇಕು. ಚುಕ್ಕಿ ಕಂಡರೆ ನಮ್ಮ ಕಸುಬಿನಲ್ಲಿ ಅದು ದೋಷ, ಗಿರಾಕಿ ಕೆಲಸ ವಾಪಸ್ ಕಳಿಸುತ್ತಾನೆ. ಈ ಮನುಷ್ಯ ಆ ದೋಷವನ್ನೇ ಎತ್ತಿ ಎಲ್ಲರಿಗೂ ಕಾಣುವಷ್ಟು ದೊಡ್ಡದು ಮಾಡಿದ್ದಾನೆ. ಅಬ್ರುಝೊ ಅವರು ಚುಕ್ಕಿ ಬರೆದಿರಲಿಲ್ಲ, ಅವರು ಬರೆದದ್ದು ಗೆರೆ. ಚುಕ್ಕಿ ಹಾಕಿದ್ದು ಮುದ್ರಣಾಲಯ. ಹಾಗಿರುವಾಗ ಆತ ಯಾರಿಂದ ಕದ್ದ ಎಂದು ಹೇಳುತ್ತೀಯ? ನಮ್ಮಂಥವರಿಂದಲೇ?

ಪ್ರಭಾ, ನ್ಯೂಜೆರ್ಸಿ
ಮಂಜುನಾಥ ಅವರೇ, ಆ ಚುಕ್ಕಿಗಳನ್ನು ಆತ ಹೇಗೆ ಹಾಕಿದರು ಎಂದು ತಿಳಿದರೆ ನಿಮಗೆ ನಗು ಬರುತ್ತದೆ. 1961ರ ‘ಲುಕ್ ಮಿಕ್ಕಿ’ ಚಿತ್ರದಲ್ಲಿ ಡೊನಾಲ್ಡ್ ಡಕ್ ತನ್ನ ಕೋಟಿನ ಬಾಲಕ್ಕೇ ಗಾಳ ಸಿಕ್ಕಿಸಿಕೊಂಡು ದೊಡ್ಡ ಮೀನು ಸಿಕ್ಕಿತೆಂದು ಕೂಗುತ್ತಾನೆ. ಅಲ್ಲಿನ ಚುಕ್ಕಿಗಳಿಗೆ ನಾಯಿಯ ಕೂದಲು ಬಾಚುವ ಪ್ಲಾಸ್ಟಿಕ್ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಒತ್ತಿದ್ದಾರೆ, ಆದ್ದರಿಂದ ಅವು ಒಂದೊಂದು ಒಂದೊಂದು ರೀತಿ. ಆಮೇಲೆ ತೂತುಗಳಿದ್ದ ಅಲ್ಯೂಮಿನಿಯಂ ಹಾಳೆಯನ್ನು ಕ್ಯಾನ್ವಾಸಿನ ಮೇಲಿಟ್ಟು ಎಣ್ಣೆಬಣ್ಣವನ್ನು ಚಿಕ್ಕ ಬ್ರಷ್ಷಿನಿಂದ ಉಜ್ಜಿ ಇಳಿಸಿದರು. ಯಂತ್ರದ ಕೆಲಸದಂತೆ ಕಾಣುವುದೆಲ್ಲ ಕೈಕೆಲಸ. ಹತ್ತಿರ ಹೋಗಿ ನೋಡಿದರೆ ಕೆಲವು ಚುಕ್ಕಿಗಳ ಅಂಚು ಹರಡಿರುತ್ತದೆ. ಪ್ರತಿಕೃತಿಗಳಲ್ಲಿ, ಫೋನಿನ ಪರದೆಯಲ್ಲಿ ಇದೆಲ್ಲ ನುಣುಪಾಗಿ ಹೋಗಿ ಆತನನ್ನು ನಕಲುಗಾರನಂತೆ ಕಾಣಿಸುತ್ತದೆ. ಫಾರ್ವರ್ಡ್ ಮಾಡಿದ ಪುಟ್ಟ ಚಿತ್ರದಿಂದ ಆತನನ್ನು ಅಳೆಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಬಸವರಾಜ, ಬೆಂಗಳೂರು
ನಮಸ್ಕಾರ ಎಲ್ಲರಿಗೂ. ಗೆರೆಯನ್ನು ದೊಡ್ಡದು ಮಾಡಿದ್ದು ಹೇಗೆ? ಚೌಕ ಹಾಕಿಯೋ, ಪ್ರೊಜೆಕ್ಟರಿನಿಂದಲೋ?

ಪ್ರಭಾ, ನ್ಯೂಜೆರ್ಸಿ
ಪ್ರೊಜೆಕ್ಟರಿನಿಂದ, ಆದರೆ ಕಾಮಿಕ್ಸ್ ಪುಟವನ್ನೇ ನೇರವಾಗಿ ಅಲ್ಲ. ಮೊದಲು ಆ ಚೌಕಟ್ಟನ್ನು ನೋಡಿ ತಾವೇ ಚಿಕ್ಕ ರೇಖಾಚಿತ್ರ ಬರೆಯುತ್ತಿದ್ದರು. ಬದಲಾವಣೆಗಳು ಅಲ್ಲಿಂದಲೇ ಶುರುವಾಗುತ್ತಿದ್ದವು. ಆ ರೇಖಾಚಿತ್ರವನ್ನು ಕ್ಯಾನ್ವಾಸಿನ ಮೇಲೆ ಬೀಳಿಸಿ ಪೆನ್ಸಿಲಿನಿಂದ ತಿದ್ದಿ, ಮೊದಲು ಚುಕ್ಕಿ, ಆಮೇಲೆ ತುಂಬುಬಣ್ಣ, ಕೊನೆಯಲ್ಲಿ ದಪ್ಪ ಕಪ್ಪು ಗೆರೆ. ತುಂಬುಬಣ್ಣಕ್ಕೆ ಮ್ಯಾಗ್ನಾ ಎಂಬ ಅಕ್ರಿಲಿಕ್ ಬಳಸುತ್ತಿದ್ದರು. ಅದು ನೀರಿನಲ್ಲಿ ಕರಗುವುದಲ್ಲ, ಟರ್ಪೆಂಟೈನಿನಲ್ಲಿ ಕರಗುವುದು. ತಪ್ಪಾದರೆ ಒರೆಸಿ ತೆಗೆದು ಗುರುತೇ ಇಲ್ಲದಂತೆ ಮತ್ತೆ ಬರೆಯಬಹುದು. ಈಸೆಲ್ ತಿರುಗುವಂಥದ್ದು. ಚಿತ್ರವನ್ನು ಅಡ್ಡ ಹಾಕಿ, ತಲೆಕೆಳಗು ಮಾಡಿ ಬರೆಯುತ್ತಿದ್ದರು, ಹುಡುಗಿಯ ಮುಖ ಮುಖವಾಗಿ ಕಾಣದೆ ಬರಿಯ ಆಕಾರವಾಗಿ ಕಾಣಲಿ ಎಂದು.

ಬಸವರಾಜ, ಬೆಂಗಳೂರು
ಹಾಗಾದರೆ ನನ್ನದೂ ಒಂದು ತಪ್ಪೊಪ್ಪಿಗೆ ಇರಲಿ. ಫ್ಲೆಕ್ಸ್ ಬರುವ ತನಕ ನಾನು ಚಿತ್ರಮಂದಿರಗಳಿಗೆ ಬ್ಯಾನರ್ ಬರೆದವನು. ಅಂಗೈಯಗಲದ ಸ್ಟಿಲ್ ಫೋಟೊದ ಮೇಲೆ ಚೌಕ ಎಳೆದು, ಅದೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದು, ನಾಯಕನ ಕೆನ್ನೆಗೆ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕೇಸರಿ ಬಳಿಯುತ್ತಿದ್ದೆವು. ಫೋಟೊದಲ್ಲಿ ಆ ನೀಲಿ ಇರುತ್ತಿರಲಿಲ್ಲ, ಅದು ನಮ್ಮದು. ಬ್ಯಾನರಿನ ಮೂಲೆಯಲ್ಲಿ ನಮ್ಮ ಅಂಗಡಿಯ ಹೆಸರನ್ನು ತಪ್ಪದೆ ಬರೆದೆವು. ಆ ಸ್ಟಿಲ್ ತೆಗೆದ ಛಾಯಾಗ್ರಾಹಕನ ಹೆಸರನ್ನು ಒಂದು ದಿನವೂ ಬರೆಯಲಿಲ್ಲ, ಬರೆಯಬೇಕೆಂದು ತೋಚಲೂ ಇಲ್ಲ. ಶಿವಾನಂದ, ನಾನು ಕಳ್ಳನೇ?

ಶಿವಾನಂದ, ಹುಬ್ಬಳ್ಳಿ
ನೀನು ಬರೆದದ್ದು ಆ ಸಿನಿಮಾದ ಜಾಹೀರಾತು, ಬಸವರಾಜ. ಚಿತ್ರಮಂದಿರದ ಮುಂದೆ ನಿಂತವರು ಅದನ್ನು ಬಸವರಾಜನ ಕೃತಿ ಎಂದು ನೋಡಲಿಲ್ಲ. ನೀನು ಆ ಸ್ಟಿಲ್ ಇಟ್ಟುಕೊಂಡು ನಿನ್ನ ಹೆಸರಿನಲ್ಲಿ ಪ್ರದರ್ಶನ ಮಾಡಿದ್ದರೆ ಆಗ ನಾನು ಕೇಳುತ್ತಿದ್ದೆ. ಈತ 1962ರಲ್ಲಿ ಲಿಯೊ ಕ್ಯಾಸ್ಟೆಲ್ಲಿ ಗ್ಯಾಲರಿಯಲ್ಲಿ ಮಾಡಿದ್ದು ಅದನ್ನೇ.

ಸುಮಾ, ಬೆಂಗಳೂರು
ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ. ಬಣ್ಣದ ವಿಷಯದಲ್ಲಿ ನಾನು ಪ್ರಭಾಳ ಪಕ್ಷ, ಹೆಸರಿನ ವಿಷಯದಲ್ಲಿ ಶಿವಾನಂದ ಅವರ ಪಕ್ಷ. ಆತನ ಪೆಟ್ಟಿಗೆಯಲ್ಲಿ ಕೆಂಪು, ಹಳದಿ, ನೀಲಿ, ಅಪರೂಪಕ್ಕೆ ಹಸಿರು, ಜೊತೆಗೆ ಕಪ್ಪು ಬಿಳುಪು, ಇಷ್ಟೇ ಇರುತ್ತಿದ್ದವು. ಬೇರೆ ಚಿತ್ರಗಳಲ್ಲಿ ಹುಡುಗಿಯರ ಕೂದಲಿಗೆ ಅಚ್ಚ ಹಳದಿ ತುಂಬಿದ ಮನುಷ್ಯ ‘ಡ್ರೌನಿಂಗ್ ಗರ್ಲ್’ನಲ್ಲಿ ಹಳದಿಯನ್ನೇ ದೂರ ಇಟ್ಟು ಇಡೀ ಚಿತ್ರವನ್ನು ನೀಲಿಗೆ ಒಪ್ಪಿಸಿದ್ದಾನೆ, ಕೂದಲಿಗೂ ನೀಲಿ. ಇಂಥ ಸಂಯಮ ನಕಲು ಮಾಡುವವನಿಗೆ ಬೇಕಾಗುವುದಿಲ್ಲ.

ಆದರೆ ಒಂದು ಪ್ರಶ್ನೆಗೆ ಪ್ರಭಾ ಉತ್ತರ ಹೇಳಬೇಕು. 1969ರಲ್ಲಿ ಆತ ಫ್ರೆಂಚ್ ಚಿತ್ರಕಾರ ಮೊನೆಯ ರುವಾಂ ಕೆಥೆಡ್ರಲ್ ಚಿತ್ರಗಳನ್ನು ಚುಕ್ಕಿಗಳಲ್ಲಿ ಬರೆದಾಗ ಶೀರ್ಷಿಕೆಯಲ್ಲಿಯೇ ಅದು ರುವಾಂ ಕೆಥೆಡ್ರಲ್ ಆಗಿ ಉಳಿಯಿತು. ನೋಡುವವರಿಗೆಲ್ಲ ಮೂಲ ಯಾರದೆಂದು ಗೊತ್ತು, ಗೊತ್ತಾಗಬೇಕೆಂಬುದೇ ಆತನ ಉದ್ದೇಶ. ಪಿಕಾಸೊನನ್ನು ಎತ್ತಿಕೊಂಡಾಗಲೂ ಅಷ್ಟೇ. ಆದರೆ ಅಬ್ರುಝೊ ಅವರ ಹುಡುಗಿ ಬಂದಾಗ, 1963ರ ‘ವ್ಹಾಮ್!’ ಚಿತ್ರಕ್ಕೆ ಕಾಮಿಕ್ಸ್ ಚಿತ್ರಕಾರ ಇರ್ವ್ ನೋವಿಕ್ ಅವರ ಚೌಕಟ್ಟು ಬಂದಾಗ, ಮೂಲ ಯಾರದೂ ಅಲ್ಲ ಎಂಬಂತೆ, ಅದು ಬೀದಿಯಲ್ಲಿ ಬಿದ್ದಿದ್ದ ವಸ್ತು ಎಂಬಂತೆ ನಡೆದುಕೊಂಡದ್ದು ಏಕೆ? ದೊಡ್ಡವರಿಂದ ಪಡೆದದ್ದು ಗೌರವ, ಚಿಕ್ಕವರಿಂದ ಪಡೆದದ್ದು ಕಚ್ಚಾಸಾಮಗ್ರಿ. ಜಾಹೀರಾತು ಕಂಪನಿಗಳಲ್ಲಿ ಹೆಸರಿಲ್ಲದೆ ಬರೆದು ಬರೆದು ನನಗೆ ಈ ಲೆಕ್ಕ ಚೆನ್ನಾಗಿ ಪರಿಚಯವಿದೆ.

ಪ್ರಭಾ, ನ್ಯೂಜೆರ್ಸಿ
ಸುಮಾ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆ ಕಾಲದ ಪ್ರೇಮಕಥೆಗಳ ಕಾಮಿಕ್ಸ್‌ಗಳಲ್ಲಿ ಚಿತ್ರಕಾರರ ಹೆಸರನ್ನು ಅಚ್ಚು ಹಾಕುವ ರೂಢಿ ಹೆಚ್ಚಾಗಿ ಇರಲಿಲ್ಲ. ಪುಟಕ್ಕಿಷ್ಟು ಎಂದು ಕೊಟ್ಟು ಹಕ್ಕನ್ನು ಪ್ರಕಾಶಕರೇ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಹೆಸರು ಅಳಿಸುವ ಕೆಲಸ ಲಿಕ್ಟನ್‌ಸ್ಟೈನರಿಂದ ಆರಂಭವಾಗಲಿಲ್ಲ. ಆದರೆ ಮುಂದೆ ಮೂವತ್ತು ವರ್ಷ ಅವರು ಪ್ರಸಿದ್ಧರಾಗಿ ಬದುಕಿದರು. ಆ ಅವಧಿಯಲ್ಲಿ ಕೇಳಿ ತಿಳಿದು ಹೆಸರು ಹೇಳುವುದು ಕಷ್ಟದ ಕೆಲಸವಾಗಿರಲಿಲ್ಲ. ಅಷ್ಟು ಮಟ್ಟಿಗೆ ಶಿವಾನಂದ ಅವರ ಕೋಪ ನ್ಯಾಯವಾದದ್ದು. ಚಿತ್ರ ಅಬ್ರುಝೊ ಅವರದು ಎಂದು ಮಾತ್ರ ನಾನು ಒಪ್ಪುವುದಿಲ್ಲ.

ಮೇಷ್ಟ್ರು
ಎಲ್ಲವನ್ನೂ ಓದಿದೆ. ಸ್ಲೈಡ್ ತೋರಿಸಿದವನು ನಾನೇ ಆದ್ದರಿಂದ ಎಡಗಡೆಯ ಚಿತ್ರವನ್ನು ತೋರಿಸದ ತಪ್ಪು ನನ್ನದು. ಆಗ ನಾನೂ ಅದನ್ನು ಕಂಡಿರಲಿಲ್ಲ. ಒಂದು ಮಾತನ್ನು ಸೇರಿಸುತ್ತೇನೆ. 1964ರ ಜನವರಿಯಲ್ಲಿ ‘ಲೈಫ್’ ಪತ್ರಿಕೆ ಈತನ ಬಗ್ಗೆ ಲೇಖನ ಮಾಡಿ, ಅಮೆರಿಕದ ಅತಿ ಕೆಟ್ಟ ಕಲಾವಿದ ಈತನೇ ಏನು ಎಂದು ಶೀರ್ಷಿಕೆಯಲ್ಲೇ ಕೇಳಿತು. ಆದ್ದರಿಂದ ಶಿವಾನಂದನ ಪ್ರಶ್ನೆ ಅರವತ್ತು ವರ್ಷ ಹಳೆಯದು, ಅದನ್ನು ಕೇಳಿದ್ದಕ್ಕೆ ಅವನು ನಾಚಬೇಕಾಗಿಲ್ಲ. ಬೆಲೆ ತಪ್ಪಿರುವ ಚಿತ್ರವನ್ನು ಮಾತ್ರ ಗುಂಪಿನಿಂದ ಅಳಿಸಿ, ಸರಿಯಾದ ಅಡಿಬರಹದೊಂದಿಗೆ ಮತ್ತೆ ಹಾಕು.

ಶಿವಾನಂದ, ಹುಬ್ಬಳ್ಳಿ
ಆಗಲಿ ಸರ್.

[ಈ ಸಂದೇಶವನ್ನು ಅಳಿಸಲಾಗಿದೆ.]

[ಅದೇ ಜೋಡಿ ಚಿತ್ರ, ಹೊಸ ಅಡಿಬರಹದೊಂದಿಗೆ: ‘ಎಡ: ಟೋನಿ ಅಬ್ರುಝೊ, ಸೀಕ್ರೆಟ್ ಹಾರ್ಟ್ಸ್, 1962. ಬಲ: ರಾಯ್ ಲಿಕ್ಟನ್‌ಸ್ಟೈನ್, ಡ್ರೌನಿಂಗ್ ಗರ್ಲ್, 1963. ದೋಣಿ, ಪ್ರಿಯಕರ, ಸೆಡೆತ ಕಳೆದು, ಅಲೆ ಕೂಡಿಸಿ, ಕದ್ದದ್ದು.’]

ಸೋಮವಾರ ಒಂಬತ್ತನೆಯ ತರಗತಿಗೆ ಇದನ್ನೇ ತೋರಿಸಿ, ಏನೇನು ಬದಲಾಗಿದೆ ಎಂದು ಪಟ್ಟಿ ಮಾಡಿಸುತ್ತೇನೆ.

ಪ್ರಭಾ, ನ್ಯೂಜೆರ್ಸಿ
ಕೊನೆಯ ಪದವನ್ನು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ‘ಎತ್ತಿಕೊಂಡದ್ದು’ ಎಂದು ಮಾಡಬಹುದಲ್ಲವೇ?

ಶಿವಾನಂದ, ಹುಬ್ಬಳ್ಳಿ
ಮಗುವನ್ನು ಎತ್ತಿಕೊಳ್ಳುತ್ತಾರೆ, ಪ್ರಭಾ ಅವರೇ. ಆ ಪದ ಹಾಗೆಯೇ ಇರಲಿ.

ಮಂಜುನಾಥ, ದಾವಣಗೆರೆ
[ಫೋಟೊ: ಪ್ರೆಸ್ಸಿನಲ್ಲಿ ಬಣ್ಣ ಪರೀಕ್ಷಿಸುವ ಲೆನ್ಸಿನ ಅಡಿಯಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್‌ನ ಪುಟ]

ಈ ಗದ್ದಲದ ನಡುವೆ ಅಟ್ಟದಿಂದ ತೆಗೆದೆ. ಫ್ಯಾಂಟಮ್‌ನ ಗಲ್ಲವನ್ನು ಲೆನ್ಸಿನಲ್ಲಿ ನೋಡಿ, ಕೆಂಪು ಮತ್ತು ಹಳದಿ ಚುಕ್ಕಿಗಳು. ರಿಜಿಸ್ಟ್ರೇಷನ್, ಅಂದರೆ ಬಣ್ಣದ ಮೇಲೆ ಬಣ್ಣ ಕೂರುವ ಹೊಂದಾಣಿಕೆ, ಒಂದು ಕೂದಲೆಳೆಯಷ್ಟು ತಪ್ಪಿ ಕೆಂಪು ತುಟಿಯಿಂದ ಆಚೆ ಹೋಗಿದೆ. ಪುಟದ ತುಂಬ ಹುಡುಕಿದೆ, ಇದನ್ನು ಅಚ್ಚು ಮಾಡಿದ ಯಂತ್ರದವನ ಹೆಸರೂ ಎಲ್ಲಿಯೂ ಇಲ್ಲ.