ಅಮೆರಿಕದವರು ಕುಣಿಯೋದನ್ನ ಯಾವಾಗ ಬಿಟ್ಟರು?

ಮೈಸೂರಜ್ಜಿ:

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ಮಿಲ್ವಾಕಿಗೆ ಬಂದು ನಾಲ್ಕು ತಿಂಗಳಾಯ್ತು. ವಿಸ್ಕಾನ್ಸಿನ್ ಅಂದ್ರೆ ಚೀಸು ಮತ್ತು ಚಳಿ ಅಂತ ಅಳಿಯ ಹೇಳಿದ್ದ. ಪೋಲ್ಕಾ ಈ ರಾಜ್ಯದ ಅಧಿಕೃತ ಕುಣಿತ, ಅದಕ್ಕೊಂದು ಕಾನೂನೇ ಮಾಡಿಕೊಂಡಿದ್ದಾರೆ ಅಂತ ಹೇಳಿದ್ದು ಪಕ್ಕದ ಮನೆ ಅಜ್ಜಿ. 84 ವರ್ಷ. ಮಗು ಎತ್ಕೊಂಡು ಹಿತ್ತಲಿಗೆ ಹೋದಾಗೆಲ್ಲ ಬೇಲಿ ಹತ್ತಿರ ಬರ್ತಾರೆ. ನನ್ನದು ಬಟ್ಲರ್ ಇಂಗ್ಲಿಷು, ಅವರದು ಮಂದ ಕಿವಿ, ಜೋಡಿ ಸರಿಯಾಗಿದೆ.

ಹೋದ ವಾರ ಒಳಗೆ ಕರೆದು ಒಂದು ರಟ್ಟಿನ ಡಬ್ಬ ತೆಗೆದರು. ಕಪ್ಪು ಶೂ, ಚರ್ಮದ ಅಟ್ಟೆ, ಮುಂಗಾಲು ಊರೋ ಕಡೆ ಹಪ್ಪಳದ ಹಾಗೆ ಸವೆದಿದೆ. ಹರೆಯದಲ್ಲಿ ಪ್ರತಿ ಶನಿವಾರ ಕುಣಿಯೋಕೆ ಹೋಗ್ತಿದ್ದರಂತೆ. ಬಿಯರ್ ಕಾರ್ಖಾನೆಯವರು, ಅಂಗಡಿಯವರು, ಟೈಪಿಸ್ಟ್ ಹುಡುಗಿಯರು, ಎಲ್ಲ ಅಲ್ಲೇ. ಗಂಡ ಸಿಕ್ಕಿದ್ದೂ ಅಲ್ಲೇ. “ಮುಖ ನೋಡಿ ಒಪ್ಪಲಿಲ್ಲ, ಕಾಲು ತುಳಿಯಲಿಲ್ಲ ಅಂತ ಒಪ್ಪಿದೆ” ಅಂದರು.

ಅದಾಗಿ ಮೂರು ದಿನಕ್ಕೆ ಮಗಳ ಆಫೀಸಿನವರ ಮದುವೆ. ಊಟ ಆಯ್ತು, ಹಾಡು ಹಾಕಿದರು. ಮದುಮಕ್ಕಳು ಅಪ್ಪಿಕೊಂಡು ನಿಂತಲ್ಲೇ ಓಲಾಡಿದರು, ಮಿಕ್ಕವರು ಫೋನ್ ಎತ್ತಿ ಹಿಡಿದರು. ಆಮೇಲೆ ‘ಎಲೆಕ್ಟ್ರಿಕ್ ಸ್ಲೈಡ್’ ಅಂತ ಒಂದು ಬಂತು. ಎಲ್ಲ ಸಾಲಾಗಿ ನಿಂತು ಒಂದೇ ಕಡೆ ತಿರುಗಿ ಹೆಜ್ಜೆ ಹಾಕಿದರು, ಥೇಟ್ ಸ್ಕೂಲ್ ಡ್ರಿಲ್ಲು. ಒಬ್ಬರ ಕೈ ಒಬ್ಬರು ಹಿಡಿಯಲಿಲ್ಲ. ಹತ್ತು ನಿಮಿಷಕ್ಕೆ ಜಾಗ ಖಾಲಿ. ಸಿನಿಮಾ ನೋಡಿ ಇವರೆಲ್ಲ ಹುಟ್ಟಾ ಕುಣಿಯೋರು ಅಂದುಕೊಂಡಿದ್ದೆ. ಏನಾಯ್ತು ಇವರಿಗೆ? ಅಜ್ಜಿಯನ್ನ ಕೇಳಿದರೆ “ನಿಂತುಹೋಯ್ತು ಅಷ್ಟೇ” ಅಂತಾರೆ.

ಹಳೇ ರೆಕಾರ್ಡು:

ಮೇಡಂ, ನಾನು ಜಾಸ್ ಹುಚ್ಚ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ದೊಡ್ಡ ಏಟು ಕೊಟ್ಟಿದ್ದು ತೆರಿಗೆ. 1944ರಲ್ಲಿ, ಯುದ್ಧದ ಖರ್ಚಿಗೆ ಅಂತ, ಹಾಡು ಕುಣಿತ ಇರೋ ಕ್ಲಬ್ಬು ಹೋಟೆಲುಗಳ ಬಿಲ್ಲಿನ ಮೇಲೆ ಅಲ್ಲಿನ ಕೇಂದ್ರ ಸರ್ಕಾರ ಶೇ. 30 ಜಡಿಯಿತು. ಗಲಾಟೆಯಾಗಿ ಅದೇ ವರ್ಷ 20ಕ್ಕೆ ಇಳೀತು, 1960ರಲ್ಲಿ 10ಕ್ಕೆ. ಪೂರ್ತಿ ಹೋಗಿದ್ದು 1965ರ ಕೊನೆಗೆ. ಬರೀ ವಾದ್ಯ ನುಡಿಸಿದರೆ ಮಾತ್ರ ತೆರಿಗೆ ಇಲ್ಲ! ಮಾಲೀಕ ಏನು ಮಾಡ್ತಾನೆ? ಕುಣಿಯೋ ಜಾಗಕ್ಕೆ ಮೇಜು ಕುರ್ಚಿ ಹಾಕಿದ, ಹದಿನೈದು ಜನರ ಬ್ಯಾಂಡ್ ಕಳಿಸಿ ನಾಲ್ವರನ್ನ ಇಟ್ಟುಕೊಂಡ. ಬೀಬಾಪ್ ಅನ್ನೋ ಜಾಸ್ ಕೂತು ಕೇಳೋ ಸಂಗೀತ ಆಗಿದ್ದಕ್ಕೆ ಇದೂ ಒಂದು ಕಾರಣ. ನನಗೆ ಬೀಬಾಪ್ ಪ್ರಾಣ, ಹಾಗಾಗಿ ಆ ತೆರಿಗೆಯನ್ನ ಬಾಯ್ತುಂಬ ಬಯ್ಯೋಕೂ ಆಗಲ್ಲ.

ನ್ಯೂಯಾರ್ಕಿನ ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ 1926ರಲ್ಲಿ ಶುರುವಾಗಿದ್ದು. ಕಪ್ಪು ಜನ ಬಿಳಿ ಜನ ಒಂದೇ ನೆಲದ ಮೇಲೆ ಕುಣಿದ ಜಾಗ, ಲಿಂಡಿ ಹಾಪ್ ಅನ್ನೋ ಜೋಡಿ ಕುಣಿತ ಬೆಳೆದ ಜಾಗ. 1958ರಲ್ಲಿ ಮುಚ್ಚಿತು, ಕೆಡವಿ ಮನೆಗಳನ್ನ ಕಟ್ಟಿದರು. ಎರಡು ವರ್ಷಕ್ಕೆ ಚಬಿ ಚೆಕರ್ ‘ಟ್ವಿಸ್ಟ್’ ಹಾಡಿದ. ಅದಕ್ಕೆ ಜೋಡಿ ಬೇಡ, ಕಲಿಯೋದೂ ಬೇಡ, ನಿಂತಲ್ಲೇ ಸೊಂಟ ತಿರುಗಿಸಿದರೆ ಆಯ್ತು. ನೀವು ಹೇಳಿದ್ರಲ್ಲ ಕೈ ಹಿಡಿಯಲಿಲ್ಲ ಅಂತ, ಆ ಕೈ ಬಿಟ್ಟಿದ್ದು ಆಗ.

ಗ್ರೀನ್‌ಫೀಲ್ಡ್ ದಾರಿ:

ತೆರಿಗೆ ಕಥೆ ಚೆನ್ನಾಗಿದೆ ಸಾರ್, ಆದರೆ ಹೋಗಿ ಅರವತ್ತು ವರ್ಷ ಆದ ತೆರಿಗೆ ಮೇಲೆ ಇವತ್ತಿನ ತಪ್ಪೆಲ್ಲ ಹೊರಿಸೋದು ಅತಿಯಾಯ್ತು. ಊರಾಚೆ ಮನೆ, ಮನೆಯಲ್ಲಿ ಟಿವಿ, ಹೊರಗೆ ಹೋಗಬೇಕಂದ್ರೆ ಕಾರು. ಇಷ್ಟು ಸಾಲದಾ?

ಆಂಟಿ, ಪೂರ್ತಿ ಸತ್ತಿಲ್ಲ. ನಾನು ಮ್ಯಾಸಚೂಸೆಟ್ಸ್‌ನಲ್ಲಿದ್ದೀನಿ. ಗ್ರೀನ್‌ಫೀಲ್ಡ್‌ನ ಹಳೇ ಗ್ರೇಂಜ್ (ರೈತರ ಸಂಘ) ಹಾಲ್‌ನಲ್ಲಿ ಕಾಂಟ್ರಾ ಡಾನ್ಸ್, ಅಂದ್ರೆ ಎದುರುಬದುರು ಸಾಲಲ್ಲಿ ಜೋಡಿಯಾಗಿ ಕುಣಿಯೋದು, ಆಗುತ್ತೆ. ಪಿಟೀಲು, ಪಿಯಾನೊ ಎದುರಿಗೇ ನುಡಿಸ್ತಾರೆ. ಮುಂದಿನ ಹೆಜ್ಜೆ ಏನು ಅಂತ ಒಬ್ಬರು ಮೈಕಿನಲ್ಲಿ ಕೂಗ್ತಾರೆ. ಮೊದಲ ದಿನ ಗಿರಗಿರ ತಿರುಗಿ ತಲೆ ಸುತ್ತಿ ಗೋಡೆ ಹಿಡಿದೆ. ಎಪ್ಪತ್ತು ದಾಟಿದ ಒಬ್ಬರು ಬಂದು “ನೆಲ ನೋಡಬೇಡ, ನನ್ನ ಕಣ್ಣು ನೋಡು” ಅಂದರು. ಪರಿಚಯ ಇಲ್ಲದವರ ಕಣ್ಣಲ್ಲಿ ಕಣ್ಣಿಟ್ಟು ಅಷ್ಟು ಹೊತ್ತು ನೋಡಿದ್ದು ನನ್ನ ಜನ್ಮದಲ್ಲೇ ಅದು ಮೊದಲು. ತಲೆ ಸುತ್ತೋದು ನಿಂತಿತು, ನಾಚಿಕೆ ಮಾತ್ರ ಅರ್ಧ ಗಂಟೆ ಇತ್ತು. ಈಗ ಬ್ಯಾಗಲ್ಲಿ ಎರಡು ಶರ್ಟ್ ಇಟ್ಟುಕೊಂಡೇ ಹೋಗೋದು, ಅಷ್ಟು ಬೆವರು.

ಆದರೆ ನಾನು ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಹೋಗ್ತೀನಿ. ನಿಮ್ಮ ಪಕ್ಕದ ಮನೆಯವರು ಬಸ್ ಹತ್ತಿ ಹೋಗಿರ್ತಾರೆ. ಅವರಿಗೆ ಅದು ಶನಿವಾರ, ನಮಗೆ ಅದು ಹಾಬಿ.

ವಾಲಗ:

ನಾನು ಕೊಡಗಿನವನು, ಕೆಲಸ ಷಿಕಾಗೊದಲ್ಲಿ. ನಮ್ಮ ಮದುವೆಗಳಲ್ಲಿ ವಾಲಗ ಶುರುವಾದ್ರೆ ಕುಪ್ಯಚೇಲೆ ಹಾಕಿದ ಅಜ್ಜನೂ ಏಳ್ತಾನೆ, ನಾಲ್ಕು ವರ್ಷದ ಮಗುನೂ ಏಳುತ್ತೆ. ಕ್ಲಾಸಿಗೆ ಹೋಗಿ ಕಲಿತವರು ಯಾರಿದ್ದಾರೆ? ದೊಡ್ಡವರ ಕಾಲು ನೋಡಿ ಬಂದದ್ದು. ಒಂದು ತಲೆಮಾರು ಕೂತುಬಿಟ್ಟರೆ ಮುಂದಿನವರು ನೋಡೋದು ಯಾರ ಕಾಲನ್ನ?

ಅಮ್ಮ, ಅಮೆರಿಕದವರು ಅಂತ ಒಂದೇ ಗಂಟು ಕಟ್ಟಬೇಡಿ. ನಿಮ್ಮ ಮಿಲ್ವಾಕಿಯ ದಕ್ಷಿಣ ಭಾಗದಲ್ಲೇ ಮೆಕ್ಸಿಕೊ ಮೂಲದವರು ಬೇಕಾದಷ್ಟಿದ್ದಾರೆ. ಹುಡುಗಿಗೆ ಹದಿನೈದು ತುಂಬಿದ್ದಕ್ಕೆ ಮಾಡೋ ಕಿನ್ಸೆಯಾನೆರಾಗೆ ಯಾರಾದರೂ ಕರೆದರೆ ಹೋಗಿ. ಅಪ್ಪ ಮಗಳ ಕೈ ಹಿಡಿದು ವಾಲ್ಟ್ಜ್ ಕುಣೀತಾನೆ, ಆಮೇಲೆ ಊರೇ ಕುಣಿಯುತ್ತೆ.

ಮೈಸೂರಜ್ಜಿ:

ಎಲ್ಲರಿಗೂ ಥ್ಯಾಂಕ್ಸಪ್ಪ. ನಿಮ್ಮ ತೆರಿಗೆ ವಿಷಯ ಅಜ್ಜಿಗೆ ಹೇಳಿದೆ. “ಯಾವ ತೆರಿಗೆ? ಟಿವಿ ತಂದ್ವಿ, ಮೂರು ಮಕ್ಕಳಾದವು, ಅವನ ಮಂಡಿ ಹೋಯ್ತು” ಅಂದರು. ಟಿವಿ ಅಂದವರು ಗೆದ್ದಿರಿ.

ನಿನ್ನೆ ಮಧ್ಯಾಹ್ನ ಮಗು ಮಲಗಿತ್ತು. ಅಜ್ಜಿ ಆ ಶೂ ಹಾಕಿಕೊಂಡೇ ಬಂದರು. ಫೋನಿನಲ್ಲಿ ಪೋಲ್ಕಾ ಹಾಕಿದೆ. ಅಡುಗೆಮನೆಯಲ್ಲಿ ಎರಡು ಹೆಜ್ಜೆ ಇಟ್ಟು, ಮೂತಿ ಸೊಟ್ಟ ಮಾಡಿ, ಈ ನೆಲ ಕಾಲು ಹಿಡಿಯುತ್ತೆ, ಮೆಕ್ಕೆಜೋಳದ ಹಿಟ್ಟಿದ್ಯಾ ಅಂದರು. ಕುಣಿಯೋ ಹಾಲ್‌ನ ಮರದ ನೆಲಕ್ಕೆ ಅದನ್ನೇ ಉದುರಿಸ್ತಿದ್ದರಂತೆ, ಜಾರಲಿ ಅಂತ. ನಮ್ಮ ಮನೆಯಲ್ಲಿ ಅದೆಲ್ಲಿ ಬರಬೇಕು? ಚಿರೋಟಿ ರವೆ ಇತ್ತು, ಒಂದು ಹಿಡಿ ಎರಚಿದೆ. ಜಾರ್ತು! ನನ್ನ ಸೊಂಟ ಹಿಡಿದು ಫ್ರಿಜ್‌ನಿಂದ ಸಿಂಕಿನವರೆಗೆ ಆರು ಸಲ ತಿರುಗಿಸಿದರು. ನಾನು ಮೂರು ಸಲ ಕಾಲು ತುಳಿದೆ.

ಸಂಜೆ ಮಗಳು ಬಂದು “ಏನಮ್ಮ ಇದು, ನೆಲದ ತುಂಬ ರವೆ” ಅಂದಳು. ಉಪ್ಪಿಟ್ಟಿಗೆ ತೆಗೆಯೋಕೆ ಹೋಗಿ ಚೆಲ್ತು ಅಂದೆ.