ಪೊಲೀಸ್ ಕಾದಂಬರಿ ಬರೀತಿದೀನಿ, ತನಿಖೆ ಮಾಡೋನ ಹಳೇ ನೋವು ಕೇಸಿನ ಒಳಗೆ ಬರ್ತಾನೇ ಇಲ್ಲ

ಕಾಫಿಕಣ:
ಎಲ್ರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ರದವ್ನು. ಎರಡು ವರ್ಷದಿಂದ ಒಂದು ಪತ್ತೇದಾರಿ ಕಾದಂಬರಿ ಬರೀತಿದೀನಿ, 120 ಪುಟಕ್ಕೆ ಬಂದು ನಿಂತೋಗಿದೆ. ಕಥೆ ಇಷ್ಟು. 2018ರ ಆಗಸ್ಟಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದ ರಾತ್ರಿ ಒಬ್ಬ ಕಾಣೆಯಾಗ್ತಾನೆ, ಮಣ್ಣಡಿ ಹೋದ ಅಂತ ಊರೆಲ್ಲಾ ನಂಬ್ಕೊಂಡಿದೆ. 7 ವರ್ಷ ಕಳೀತು, ಸತ್ತಿದಾನೆ ಅಂತ ಆದೇಶ ಕೊಡಿ ಅಂತ ಮನೆಯವ್ರು ಕೋರ್ಟಿಗೆ ಹೋಗೋ ಹೊತ್ತಿಗೆ ಎರಡು ಗುಡ್ಡ ಆಚೆಗಿನ ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ಮೂಳೆ ಸಿಗತ್ತೆ. ಜರಿದ ಮಣ್ಣು ಕೆಳಗೆ ಹೋಗತ್ತೆ ಹೊರತು ಗುಡ್ಡ ಹತ್ತಿ ಆಚೆ ಇಳಿಯಲ್ಲ, ಅಲ್ಲಿಂದ ಕೇಸು ಶುರು.

ತನಿಖೆ ಮಾಡೋ ಪಿಎಸ್‌ಐ 2018ರಲ್ಲಿ ಕಾನ್‌ಸ್ಟೇಬಲ್, ಅದೇ ಊರಲ್ಲಿ ಮಣ್ಣು ತೆಗ್ಸಿದವ್ನು. ಆವತ್ತು ಒಬ್ರು ಅಜ್ಜಿ ಇವ್ನ ಕೈ ಹಿಡ್ಕೊಂಡು ಇಲ್ಲಿ ಅಗ್ಸು ಮಗಾ ಅಂತ ಬೇಡ್ಕೊಂಡ್ರೂ ಹಿಟಾಚಿನ ಇನ್ನೊಂದ್ ಕಡೆ ಕಳ್ಸಿರ್ತಾನೆ, ನಾಲ್ಕು ದಿನ ಆದ್ಮೇಲೆ ಅಜ್ಜಿ ತೋರ್ಸಿದ್ ಜಾಗದಲ್ಲೇ ಮೊಮ್ಮಗಳು ಸಿಗ್ತಾಳೆ. ಕಾಣೆಯಾದೋನು ಅದೇ ಅಜ್ಜಿಯ ದೊಡ್ಡ ಮಗ.

ಈಗ ಸಮಸ್ಯೆ ಏನಂದ್ರೆ ಪ್ರತಿ ಅಧ್ಯಾಯದಲ್ಲೂ ಅವ್ನಿಗೆ ಕೆಟ್ಟ ಕನಸು ಬೀಳ್ಸಿದೀನಿ, ಕುಡಿಸಿದೀನಿ, ಹೆಂಡ್ತಿನ ತವರಿಗೆ ಕಳ್ಸಿದೀನಿ, ಆದ್ರೂ ಓದಿದ ಗೆಳೆಯ ಕನಸು ಬೇರೆ ಪುಸ್ತಕ ಕೇಸು ಬೇರೆ ಪುಸ್ತಕ ಅಂದ. ಅವ್ನು ಹೇಳಿದ್ದು ಸರಿ ಅನ್ಸಿ ವಾರದಿಂದ ಪೆನ್ನು ಮುಟ್ಟಿಲ್ಲ. ದಯವಿಟ್ಟು ದಾರಿ ತೋರ್ಸಿ.

ಮಳೆಗಾಲದ ಓದು:
ಕುಡಿಯೋದನ್ನ ತೆಗ್ದುಬಿಡಿ ಮೊದ್ಲು. ಇಂಥ ಕಾದಂಬರಿ ತುಂಬಾ ಓದಿದೀನಿ, ಎಲ್ಲಾ ಇನ್ಸ್‌ಪೆಕ್ಟರೂ ಕುಡೀತಾರೆ, ಎಲ್ರ ಸಂಸಾರನೂ ಮುರಿದಿರತ್ತೆ. ನನಗೆ ಅಜ್ಜಿ ಕೈ ಹಿಡಿದಿದ್ದು ಮಾತ್ರ ನೆನಪುಳೀತು. ಅವ್ನು ಆ ಮನೆಗೆ ಪೊಲೀಸಾಗಿ ಮತ್ತೆ ಹೋಗ್ಬೇಕಲ್ಲ, ಆ ಜಗಲಿ ಮೇಲೆ ಹೇಗೆ ಕೂರ್ತಾನೆ? ಅದನ್ನ ಬರೀರಿ.

ಹಳೇ ಹೆಡ್:
ನಾನು ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ರಿಟೈರ್ ಆದವ್ನು, 2018ರಲ್ಲಿ ಮಕ್ಕಂದೂರು ಕಡೆ ಬಂದೋಬಸ್ತಲ್ಲಿದ್ದೆ. ಕಾನ್‌ಸ್ಟೇಬಲ್ ಪರೀಕ್ಷೆ ಬರೆದು ಪಿಎಸ್‌ಐ ಆಗೋದು ಇದೆ, ಅದು ಸರಿ. ಆದ್ರೆ ಮೂಳೆ ಸಿಕ್ಕಿದ ಕೂಡ್ಲೇ ಕೊಲೆ ಕೇಸ್ ಆಗಲ್ಲ, ಮೊದ್ಲು ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ ಹಾಕ್ತಾರೆ. ಹೂತಿರೋದನ್ನ ತೆಗ್ಸೋಕೆ ತಹಶೀಲ್ದಾರ್ ಇಲ್ಲಾ ಎಸಿ (ಅಸಿಸ್ಟೆಂಟ್ ಕಮಿಷನರ್) ಬರ್ಬೇಕು, ಅವ್ರೆದುರು ಮಹಜರು, ಆಮೇಲೆ ತೊಡೆ ಮೂಳೆ ಹಲ್ಲು ಎಲ್ಲಾ ಡಿಎನ್‌ಎಗೆ ಹೋಗತ್ತೆ, ಮನೆಯವ್ರ ರಕ್ತ ತಗೋತಾರೆ. ಕೊಲೆ ಅಂತ ಗೊತ್ತಾದ್ರೆ ತನಿಖೆ ಸಿಪಿಐ (ಸರ್ಕಲ್ ಇನ್ಸ್‌ಪೆಕ್ಟರ್) ಕೈಗೆ ಹೋಗತ್ತೆ. ಇನ್ನೊಂದು, ಕೊಲೆ ಆಗಿದ್ದು 2018ರಲ್ಲಿ ಆದ್ದರಿಂದ ಸೆಕ್ಷನ್ ಹಳೇ ಐಪಿಸಿ 302ನೇ, ಆದ್ರೆ ತನಿಖೆ ಕ್ರಮ ಮಾತ್ರ 2024ರ ಜುಲೈ 1ರಿಂದ ಬಂದ ಹೊಸ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) ಪ್ರಕಾರ. ಇದನ್ನ ತಪ್ಪು ಬರೆದ್ರೆ ವಕೀಲ್ರು ಓದಿ ಪುಸ್ತಕ ಮುಚ್ಚಿಡ್ತಾರೆ.

ಈಗ ನಿಮ್ ಪ್ರಶ್ನೆಗೆ ಬರ್ತೀನಿ. ಅಂದ್ರೆ ಯುಡಿಆರ್ ಇರೋವರೆಗೆ ಕಡತ ನಿಮ್ ಪಿಎಸ್‌ಐ ಹತ್ರನೇ ಇರತ್ತೆ. ಆ ದಿನಗಳಲ್ಲಿ ಅವ್ನು ಲೈನ್ ಮನೆಯ ಕೂಲಿಯವ್ರನ್ನ, ತೋಟದ ಲೆಕ್ಕ ಬರೆಯೋ ರೈಟರನ್ನ, ಜೀಪ್ ಡ್ರೈವರನ್ನ ಎಲ್ರನ್ನೂ ಕೂರ್ಸಿ ಹೇಳಿಕೆ ಬರ್ಕೋತಾನೆ, ಆದ್ರೆ ಅಜ್ಜಿ ಮನೆಯವ್ರ ಹೇಳಿಕೆ ಮಾತ್ರ ಇವತ್ತು ಬೇಡ ನಾಳೆ ಅಂತ ಮುಂದೂಡ್ತಾನೆ. ಯಾಕಂದ್ರೆ ಆ ಮನೆಗೆ ಅವ್ನು ಸಾಲಗಾರ. ಅಜ್ಜಿಯ ಕಿರಿಮಗ ಅಲ್ಲೇ ಕಾಫಿ ಲೋಟ ಹಿಡ್ಕೊಂಡು ನಿಂತಿರ್ತಾನೆ, ಆ ರಾತ್ರಿ ಎಲ್ಲಿದ್ದೆ ಅಂತ ಒಂದು ಮಾತು ಕೇಳೋಕೆ ಇವ್ನ ಬಾಯಿ ಬರಲ್ಲ. 20 ದಿನ ಹೋಗತ್ತೆ. ಮುಂದೆ ಕೋರ್ಟಲ್ಲಿ ಆರೋಪಿ ಕಡೆ ವಕೀಲ್ರು ಮೊದ್ಲು ಹಿಡಿಯೋದೇ ಅದನ್ನ, ಎಲ್ರ ಹೇಳಿಕೆ ಮೂರು ದಿನದಲ್ಲಿ ಆಯ್ತು ಇವ್ರದ್ದು ಮಾತ್ರ ಯಾಕೆ ತಡ ಅಂತ. ಪೊಲೀಸ್ ಮುಂದೆ ತಪ್ಪೊಪ್ಪಿಕೊಂಡ್ರೂ ಅದು ಕೋರ್ಟಲ್ಲಿ ನಿಲ್ಲಲ್ಲ, ಹಾಗಾಗಿ ಆ 20 ದಿನದಲ್ಲಿ ಕಳ್ಕೊಂಡಿದ್ದು ಆಮೇಲೆ ಸಿಗಲ್ಲ. ನನ್ ಜೊತೆ ಕೆಲ್ಸ ಮಾಡಿದವ್ರಲ್ಲಿ ಕನಸು ಕಂಡು ಕಿರುಚಿದವ್ರನ್ನ ನಾನು ನೋಡಿಲ್ಲ. ಆದ್ರೆ ಒಂದ್ ಮನೆ ಮುಂದೆ ಹೋಗೋದು ತಪ್ಸೋಕೆ ಬೀಟ್ ದಾರಿನೇ ಬದಲಾಯ್ಸಿದವ್ರನ್ನ ನೋಡಿದೀನಿ.

ಹಟ್ಟಿಹೊಳೆ ಹುಡುಗ:
ಕೊಡಗು ಅಂದಮೇಲೆ ಕೋವಿ ಇರ್ಬೇಕು ಅಲ್ವಾ? ಕೈಲ್‌ಪೊಳ್ದ್ (ಆಯುಧ ಪೂಜೆ ಹಬ್ಬ) ದಿನ ಐನ್‌ಮನೆಯಲ್ಲಿ, ಅಂದ್ರೆ ಕುಟುಂಬದ ಮೂಲ ಮನೆಯಲ್ಲಿ, ಎಲ್ಲಾ ಕೋವಿಗೂ ತೋಕ್ ಪೂ ಅನ್ನೋ ಹೂವು ಇಟ್ಟು ಸಾಲಾಗಿ ನಿಲ್ಸಿರ್ತಾರೆ, ಒಂದು ಕಮ್ಮಿ ಇರತ್ತೆ, ಪಿಎಸ್‌ಐ ಅಲ್ಲೇ ಹಿಡೀತಾನೆ. ಸೂಪರ್ ಸೀನ್ ಆಗತ್ತೆ. ಗುಂಡು ಯಾವ ಕೋವಿದು ಅಂತ ಲ್ಯಾಬಲ್ಲಿ ಹೇಳ್ತಾರಲ್ಲ.

ಹಳೇ ಹೆಡ್:
ಹೇಳಲ್ಲಪ್ಪ. ತೋಟದ ಕೋವಿ ನಳಿಗೆ ಒಳಗೆ ನುಣ್ಣಗಿರತ್ತೆ, ಹಾರೋದು ಸಣ್ಣ ಸೀಸದ ಕಾಳು, ಅದ್ರ ಮೇಲೆ ಇಂಥದೇ ಕೋವಿ ಅನ್ನೋ ಗುರುತು ಉಳಿಯಲ್ಲ. ಹಾರಿಸಿದ ಕಾರ್ಟ್ರಿಡ್ಜ್ ಸಿಕ್ಕಿದ್ರೆ ಮಾತ್ರ ಅದ್ರ ಹಿಂಬದಿ ಕೋವಿಯ ಪಿನ್ ಹೊಡೆದ ಗುರುತು ನೋಡಿ ಹೇಳ್ಬಹುದು. ಮತ್ತೆ ಇಲ್ಲಿ ಜಮ್ಮಾ (ಕೊಡಗಿನ ಹಳೇ ಪದ್ಧತಿಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರ್ರಿಗೂ ಕೊಡವರಿಗೂ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ 10 ವರ್ಷಕ್ಕೆ ಮುಂದುವರ್ಸಿದಾರೆ. ಸ್ಟೇಷನ್ ಲೈಸೆನ್ಸ್ ರಿಜಿಸ್ಟರ್ ತೆಗೆದು ಹೆಸರು ಹುಡುಕ್ತೀನಿ ಅಂದ್ರೆ ಆಗಲ್ಲ.

ಜಂಬೂರು ಮನೆ:
ಅಣ್ಣಾ, ನಾವು ಆ ಮಳೆಯಲ್ಲಿ ಮನೆ ಕಳ್ಕೊಂಡು ಈ ಕಡೆ ಬಂದವ್ರು. ಕೋವಿ ಬೇಡ ಅಂತ ನಾನೂ ಹೇಳ್ತೀನಿ. ಹೊರಗಿನವ್ರು ನಮ್ ಬಗ್ಗೆ ಬರೆದ್ರೆ ಕೋವಿ, ಹಂದಿ, ಮಂಜು ಇಷ್ಟೇ. ನೀವಾದ್ರೂ ಇಲ್ಲಿಯವ್ರು.

ಆವತ್ತು ದೊಡ್ಡ ಶಬ್ದ ಆಯ್ತು ಅಂತ ಎಲ್ರೂ ಬರೀತಾರೆ. ನಮಗೆ ಹೆದರಿಕೆ ಆಗಿದ್ದು ಅದಕ್ಕಿಂತ ಮೊದ್ಲು. ಮನೆ ಹಿಂದಿನ ತೋಡು ಎಂಟು ದಿನದಿಂದ ಭೋರ್ ಅಂತ ಹರೀತಿತ್ತು, ಬೆಳಗಿನ ಜಾವ ಸದ್ದು ನಿಂತೋಯ್ತು, ಮಳೆ ಮಾತ್ರ ಹಾಗೇ ಹೊಯ್ತಿತ್ತು. ಅತ್ತೆ ಎದ್ದು ಕೂತು ನೀರು ಎಲ್ಲೋ ಕಟ್ಕೊಂಡಿದೆ ಏಳಿ ಅಂದ್ರು, ಹಂಗೇ ಹೊರಗೆ ಓಡಿದ್ವಿ. ಈಗ್ಲೂ ಜೂನ್ ಬಂದ್ರೆ ಅತ್ತೆ ಆರ್‌ಟಿಸಿ, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆದೆಸೆಲಿ ಇಟ್ಕೊಂಡೇ ಮಲಗೋದು, ಇಲ್ಲಿ ಹತ್ರದಲ್ಲಿ ಗುಡ್ಡ ಇಲ್ದಿದ್ರೂನೂ. ನಿಮ್ ಪೊಲೀಸಿನವ್ರಿಗೂ ಅಂಥದ್ದು ಒಂದು ಇರ್ಲಿ, ಯಾರಿಗೂ ಹೇಳದೆ ಮಾಡೋ ಅಂಥದ್ದು. ಮತ್ತೆ ಒಂದು ಬೇಡಿಕೆ, ಕಥೆಯಲ್ಲಿ ನಿಜವಾದ ಊರಿನ ಹೆಸರು ಹಾಕ್ಬೇಡಿ. ಯಾರ ಮನೆ ಅಂತ ಓದಿದವ್ರು ಹುಡುಕ್ತಾರೆ.

ಕಾಫಿಕಣ:
ಅಕ್ಕಾ, ಊರಿನ ಹೆಸರು ಇವತ್ತೇ ತೆಗ್ದೆ. ಹೆಡ್ ಸರ್, ನಿಮ್ ಮಾತು ಓದಿ ರಾತ್ರಿಯೆಲ್ಲಾ ಕೂತು ಏಳೂ ಕನಸು ಹೊಡೆದಾಕಿದೀನಿ, ಹೆಂಡ್ತಿನೂ ತವರಿಂದ ವಾಪಸ್ ಬಂದ್ಲು. ಈಗ ಅಜ್ಜಿ ಮನೆ ಗೇಟಿನ ಹತ್ರ ಜೀಪ್ ನಿಲ್ಸಿ ಇಳಿಯದೇ ಹೋಗೋದು ಮೂರು ಸಲ ಬರತ್ತೆ, ಮೂರನೇ ಸಲ ಅಜ್ಜಿನೇ ಕೊಡೆ ಹಿಡ್ಕೊಂಡು ಗೇಟಿಗೆ ಬರ್ತಾರೆ. ತೋಡಿನ ಸದ್ದು ನಿಂತಿದ್ದನ್ನ ಕಿರಿಮಗನ ಹೇಳಿಕೆಲಿ ಹಾಕ್ಬಹುದಾ ಅಕ್ಕಾ? ಆ ರಾತ್ರಿ ಮನೇಲೇ ಇದ್ದೆ ಅಂತಾನೆ, ಆದ್ರೆ ಬರೆ ಜರಿಯೋವರೆಗೂ ತೋಡು ನಿಲ್ಲದೆ ಭೋರ್ ಅಂತಿತ್ತು ಅಂತ ಬರೆಸ್ತಾನೆ. ಅಲ್ಲಿದ್ದವ್ರು ಯಾರೂ ಹಂಗೆ ಹೇಳಲ್ಲ. ಆವತ್ತು ಅಲ್ಲಿ ಮಣ್ಣು ತೆಗ್ಸಿದ ನಮ್ ಪಿಎಸ್‌ಐಗೂ ಅದು ಗೊತ್ತು, ಗೊತ್ತಿದ್ರೂ ಬರ್ಕೊಂಡು ಎದ್ದು ಬರ್ತಾನೆ.

ಜಂಬೂರು ಮನೆ:
ಹಾಕಿ ಅಣ್ಣ. ಅತ್ತೆಗೂ ಓದಿ ಹೇಳ್ದೆ. ಸದ್ದು ನಿಂತಾಗ ನಾಯಿ ಒಳಗೆ ಬಂದು ಮಂಚದಡಿ ಸೇರ್ಕೊಂಡಿತ್ತು, ಅದನ್ನೂ ಬರೀಲಿ ಅಂದ್ರು.