ಮರು: ಬೆಟ್ಟದ ವೆಟ್‌ಲ್ಯಾಂಡಿಗೆ ಕನ್ನಡ ಪದ ಬೇಕು (ಅರ್ಜೆಂಟ್)

> ಕುದುರೆಮುಖದ ಕಡೆ ಚಾರಣದ ದಾರಿಗೆ ಒಂದು ಬೋರ್ಡು, ಜೊತೆಗೆ ಕರಪತ್ರ. 'ಪರ್ವತ ಹುಲ್ಲುಗಾವಲು ತೇವಭೂಮಿಯ ಪಾರಿಸರಿಕ ಆರೋಗ್ಯ ಮೌಲ್ಯಮಾಪನ' ಅಂತ ಹಾಕಿದ್ದೇನೆ. ನಾಳೆ ಪ್ರೆಸ್ಸಿಗೆ ಹೋಗಬೇಕು.

ದಯವಿಟ್ಟು ಬೇಡ. ಇದನ್ನು ಓದಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತದೆ.

ಹಡ್ಲು ಅನ್ನಿ. ಗುಡ್ಡಗಳ ನಡುವಿನ ತಗ್ಗು, ಜಿಗಟು ಮಣ್ಣು, ಸುತ್ತಲಿನ ಹುಲ್ಲು ಒಣಗಿದರೂ ಅಲ್ಲಿ ಮಾತ್ರ ಹಸಿರು. ನಾಗರಹೊಳೆ ಕಾಡಿನಲ್ಲಿ ಇಂಥ ಜಾಗಕ್ಕೆ ಇದೇ ಹೆಸರು. ತುಳುವಿನ ಪಡಿಲ್, ನಮ್ಮ ಹಡಿಲು, ಹಡ್ಲು, ಎಲ್ಲ ಒಂದೇ ಪದ. ಹಳೆಯ 'ಪ' ಕನ್ನಡದಲ್ಲಿ 'ಹ' ಆದ ಕಥೆ ಇಲ್ಲಿ ಯಾರಿಗೂ ಹೇಳಬೇಕಿಲ್ಲ ಅಲ್ವಾ.

'ಹಡ್ಲು ಅಂದರೆ ಉಳದೆ ಬಿಟ್ಟ ಗದ್ದೆ, ಅಷ್ಟೇ' ಎಂದು ಮೇಲೊಬ್ಬರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ತೀರ್ಥಹಳ್ಳಿ ಕಡೆಯವನಾದ ನನಗೆ ಆ ಅರ್ಥ ಗೊತ್ತಿಲ್ಲವೇ? ಬರೀ ಹಡ್ಲು ಅಂತ ಬರೆದರೆ ಪಾಳು ಜಾಗ ಅಂದುಕೊಂಡು ಅಕೇಶಿಯಾ ನೆಡುವವರೂ ಬಂದಾರು. ಅದಕ್ಕೇ 'ಜೌಗು ಹಡ್ಲು'. ತೇವಭೂಮಿ ಎಂಬ ಪದ ವೆಟ್‌ಲ್ಯಾಂಡಿನ ವಿಶಾಲ ಅರ್ಥಕ್ಕೆ ಇರಲಿ. ವೆಟ್‌ಲ್ಯಾಂಡುಗಳನ್ನು ಉಳಿಸಲು ದೇಶಗಳು ಮಾಡಿಕೊಂಡ 1971ರ ರಾಮ್ಸರ್ ಒಪ್ಪಂದದ ಪ್ರಕಾರ ವೆಟ್‌ಲ್ಯಾಂಡಿನಲ್ಲಿ ಕೆರೆ, ಗದ್ದೆ, ಇಳಿತದಲ್ಲಿ 6 ಮೀಟರ್ ಆಳ ಮೀರದ ಕಡಲು ಎಲ್ಲವೂ ಸೇರುತ್ತವೆ. ಅಷ್ಟಕ್ಕೆಲ್ಲ ಜೌಗು ಸಾಲದು.

ಇನ್ನು 'ಆರೋಗ್ಯ ಸಂಸ್ಕೃತ, ಹದ ಅನ್ನಿ' ಎಂದವರಿಗೆ. ಹದ ಅಂದರೆ ರೈತನಿಗೆ ಉಳುಮೆಗೆ ಬಂದ ಮಣ್ಣು. ಇಲ್ಲಿ ನೋಡುವುದೇ ಬೇರೆ: ಬೇಸಿಗೆಯಲ್ಲಿ ನೀರು ಎಷ್ಟು ಕೆಳಗಿಳಿದಿದೆ, ಜೇಕು (ತೇವದಲ್ಲಿ ಬೆಳೆಯುವ ಹುಲ್ಲಿನಂಥ ಗಿಡ) ಉಳಿದಿದೆಯೋ ಇಲ್ಲ ಒಣನೆಲದ ಹುಲ್ಲು ನುಗ್ಗಿದೆಯೋ, ದನದ ಗೊರಸಿಗೆ ಮಣ್ಣು ಬೆತ್ತಲಾಗಿದೆಯೋ, ಎಲ್ಲಕ್ಕಿಂತ ಜಾಸ್ತಿ, ತೊರೆ ನೆಲವನ್ನು ಕೊರೆದುಕೊಂಡು ಆಳಕ್ಕೆ ಹೋಗಿದೆಯೋ. ತೊರೆಯ ತಳ ಇಳಿದರೆ ಅಕ್ಕಪಕ್ಕದ ನೀರೂ ಅದಕ್ಕೇ ಬಸಿಯುತ್ತದೆ. ಹಡ್ಲು ಒಣಗುತ್ತದೆ, ಪೊದೆ ಏಳುತ್ತದೆ. ಮೇಲಿಂದ ನೋಡಿದವರಿಗೆ ಆಗಲೂ ಹಸಿರೇ! ಇದಕ್ಕೆ ಆರೋಗ್ಯ ಅನ್ನದೆ ಏನನ್ನಬೇಕು? ಮನೆಮನೆಯಲ್ಲಿ ಆಡುವ ಮಾತನ್ನು ಸಂಸ್ಕೃತ ಅಂತ ಹೊರಗೆ ಹಾಕುವುದು ಸುಮ್ನೆ ಹಟ.

'ಮೌಲ್ಯಮಾಪನ' ಮಾತ್ರ ತೆಗೆಯಿರಿ. ಅದು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವವರ ಕೆಲಸ.

ಬೋರ್ಡಿಗೆ: 'ಜೌಗು ಹಡ್ಲು. ಒಳಗೆ ಇಳಿಯಬೇಡಿ.' ಕರಪತ್ರಕ್ಕೆ: 'ಬೆಟ್ಟದ ಜೌಗು ಹಡ್ಲು: ಆರೋಗ್ಯ ನೋಡುವುದು ಹೇಗೆ?'

ಬೋರ್ಡು ಇಂಗ್ಲಿಷ್, ಫಲಕ ಸಂಸ್ಕೃತ, ಹಲಗೆ ಅನ್ನಿ ಎಂಬ ಜಗಳ ಶುರುವಾಗುವ ಮೊದಲೇ ಪ್ರೆಸ್ಸಿಗೆ ಕಳಿಸಿಬಿಡಿ.